ಒಂದೇ ಬಗೆಯ ಎರಡು ಉಬ್ಬು: ಟೈರಿನ ಸೈಡ್‌ವಾಲ್ ಮತ್ತು ವಾರಂಟಿಯ ಕುರಿತು ನನ್ನ ಅನುಭವ

ಸುಮಾರು ಒಂದೂಕಾಲು ವರ್ಷದ ಅಂತರದಲ್ಲಿ ನನ್ನ ಕಾರಿನ ಎರಡು ಟೈರುಗಳ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಉಬ್ಬಿಕೊಂಡಿತು. ಮೊದಲ ನೋಟಕ್ಕೆ ಎರಡೂ ಒಂದೇ ಬಗೆಯವು. ರಿಮ್ಮಿಗೂ ರಸ್ತೆಗೆ ತಾಗುವ ಟ್ರೆಡ್ಡಿಗೂ ನಡುವೆ, ನಿಂಬೆಹಣ್ಣನ್ನು ಸೀಳಿ ಅಂಟಿಸಿದಷ್ಟು ದಪ್ಪದ ಗುಳ್ಳೆ. ಎರಡೂ ಸಲ ವಾರಂಟಿ ಕೇಳಿದಾಗ ಬಂದ ಉತ್ತರವೂ ಒಂದೇ: ಹೊರಗಿನ ಪೆಟ್ಟಿನಿಂದ ಆದ ಹಾನಿ, ತಯಾರಿಕೆಯ ದೋಷವಲ್ಲ. ಮೊದಲ ಸಲ ಆ ಉತ್ತರ ಸರಿಯಾಗಿತ್ತು, ಎರಡನೆಯ ಸಲ ಸರಿಯಾಗಿರಲಿಲ್ಲ. ಇವೆರಡನ್ನೂ ಬೇರ್ಪಡಿಸಿದ್ದು ಟೈರಿನ ಒಳಮೈ.

ನನ್ನದು ಟರ್ಬೊ ಪೆಟ್ರೋಲ್ ಎಂಜಿನ್ನಿನ ಸೆಡಾನ್. ಕೊಂಡಾಗ 205/55 ಆರ್ 16 ಟೈರುಗಳಿದ್ದವು, ಅಂದರೆ 205 ಮಿ.ಮೀ. ಅಗಲ, 16 ಇಂಚಿನ ರಿಮ್. ತಿರುವುಗಳಲ್ಲಿ ಇನ್ನಷ್ಟು ಹಿಡಿತ ಬೇಕೆನಿಸಿ, ಅದೇ ಕಾರಿನ ಮೇಲ್ದರ್ಜೆಯ ಆವೃತ್ತಿಗೆ ಕಾರ್ಖಾನೆಯೇ ಕೊಡುವ 225/45 ಆರ್ 17 ಅಳತೆಗೆ ಬದಲಾಯಿಸಿದೆ. ಅಗಲದ ಶೇಕಡಾ 55 ಎಂದರೆ ಹಳೆಯ ಸೈಡ್‌ವಾಲಿನ ಎತ್ತರ ಸುಮಾರು 113 ಮಿ.ಮೀ.; ಹೊಸದರದ್ದು 225ರ ಶೇಕಡಾ 45, ಅಂದರೆ 101 ಮಿ.ಮೀ. ಚಕ್ರದ ಒಟ್ಟು ವ್ಯಾಸದಲ್ಲಿ ಎರಡು ಮೂರು ಮಿ.ಮೀ. ವ್ಯತ್ಯಾಸವಷ್ಟೇ ಆದ್ದರಿಂದ ಸ್ಪೀಡೋಮೀಟರಿಗೆ ತೊಂದರೆಯಿಲ್ಲ. ಆದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಇದ್ದ ರಬ್ಬರಿನಲ್ಲಿ ಒಂದು ಬೆರಳಿನ ದಪ್ಪದಷ್ಟು ಕಡಿಮೆಯಾಯಿತು. ಆ ಒಂದು ಬೆರಳಿನ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ಮೊದಲನೆಯದು ಮಳೆಗಾಲದಲ್ಲಿ ಸಕಲೇಶಪುರದಿಂದ ಶಿರಾಡಿ ಘಾಟಿಯತ್ತ ಇಳಿಯುವಾಗ ಆಯಿತು. ನೀರು ತುಂಬಿದ ಗುಂಡಿಯೊಂದಕ್ಕೆ ಎಡ ಮುಂಚಕ್ರ ಬಿದ್ದ ಸದ್ದು ಈಗಲೂ ನೆನಪಿದೆ. ಗಾಳಿ ಇಳಿಯಲಿಲ್ಲವಾದ್ದರಿಂದ ಮುಂದುವರಿದೆ. ಮರುದಿನ ಹಿಂತಿರುಗುವಾಗ ಹಾಸನದ ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಿದಾಗಲೇ ಉಬ್ಬು ಕಂಡದ್ದು. ಇನ್ನುಳಿದ ಮೂರು ಚಕ್ರಗಳಲ್ಲಿ 34 ಪಿಎಸ್‌ಐ ಇರಬೇಕಾದ ಕಡೆ 28, 29 ಇತ್ತು; ಒಂದೂವರೆ ತಿಂಗಳಿನಿಂದ ನಾನು ಗಾಳಿಯನ್ನೇ ನೋಡಿರಲಿಲ್ಲ. ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಮೈಸೂರು ಸೇರಿದೆ.

ಅರ್ಜಿ ತಿರಸ್ಕೃತವಾದಾಗ ನಾನು ಟೈರ್ ಅಂಗಡಿಯಲ್ಲಿ ಸಾಕಷ್ಟು ವಾದಿಸಿದೆ. ಅಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಮಾತು ಮುಗಿಯುವವರೆಗೆ ಕಾದು, ಬಿಚ್ಚಿಟ್ಟ ಟೈರನ್ನು ನನ್ನ ಮುಂದೆ ನಿಲ್ಲಿಸಿ, "ಒಳಗೆ ಕೈ ಹಾಕಿ ನೋಡಿ ಸಾರ್" ಎಂದರು. ಉಬ್ಬಿನ ನೇರಕ್ಕೆ ಒಳಪದರದಲ್ಲಿ ಮಡಚಿ ಒತ್ತಿದಂತಹ ಎರಡು ಗೆರೆಗಳಿದ್ದವು: ಒಂದು ಬೀಡಿನ (ರಿಮ್ಮಿನ ಮೇಲೆ ಕೂರುವ ಟೈರಿನ ಒಳಅಂಚು) ಹತ್ತಿರ, ಇನ್ನೊಂದು ಟ್ರೆಡ್ಡಿನ ಭುಜದ (ಟ್ರೆಡ್ಡು ಸೈಡ್‌ವಾಲಿಗೆ ಕೂಡುವ ಅಂಚು) ಹತ್ತಿರ. ಅದೇ ಜಾಗದಲ್ಲಿ ರಿಮ್ಮಿನ ಅಂಚು ಸ್ವಲ್ಪ ಬಾಗಿತ್ತು. ಗುಂಡಿಯ ಅಂಚು ಒಂದು ಕಡೆಯಿಂದ, ರಿಮ್ಮಿನ ಅಂಚು ಇನ್ನೊಂದು ಕಡೆಯಿಂದ ಸೈಡ್‌ವಾಲನ್ನು ಇಕ್ಕಳದಂತೆ ಹಿಡಿದಾಗ ಬೀಡಿನಿಂದ ಬೀಡಿಗೆ ಹಾಯುವ ಪಾಲಿಯೆಸ್ಟರ್ ನೂಲುಗಳು ಕಡಿದುಹೋಗುತ್ತವೆ. ಹೊರಗಿನ ರಬ್ಬರಿಗೆ ಗಾಯವೇ ಕಾಣದಿದ್ದರೂ ಒಳಗಿನ ಗಾಳಿ ಆ ದುರ್ಬಲ ಜಾಗವನ್ನು ಹೊರಕ್ಕೆ ತಳ್ಳುತ್ತದೆ. ಕಡಿದ ನೂಲನ್ನು ಯಾವ ಪ್ಯಾಚೂ ಜೋಡಿಸಲಾರದು. ನಾನು ಹೊಸ ಟೈರಿಗೆ ಹಣ ಕೊಟ್ಟು ಬಂದೆ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಕಾರು ಓಡಿಸುವ ಮುನ್ನ, ಟೈರು ತಣ್ಣಗಿರುವಾಗಲೇ ಗಾಳಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.

ಆ ಪುಸ್ತಕವೇ ಎರಡನೆಯ ಪ್ರಕರಣದಲ್ಲಿ ನನ್ನನ್ನು ಕಾಪಾಡಿತು. ಸುಮಾರು 11,000 ಕಿ.ಮೀ. ಓಡಿದ್ದ ಬಲ ಹಿಂಚಕ್ರದ ಟೈರಿನಲ್ಲಿ ಕಾರು ತೊಳೆಯುವಾಗ ಉಬ್ಬು ಕಂಡಿತು. ಎಲ್ಲಿಯೂ ಗುಂಡಿಗೆ ಬಿದ್ದ ನೆನಪಿರಲಿಲ್ಲ, ಆದರೆ ನೆನಪು ಸಾಕ್ಷ್ಯವಲ್ಲ ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಟೈರನ್ನು ಬಿಚ್ಚಿಸುವ ಮೊದಲೇ ವಾಲ್ವಿನ ನೇರಕ್ಕೆ ಟೈರಿನ ಮೇಲೂ ಉಬ್ಬಿನ ನೇರಕ್ಕೆ ರಿಮ್ಮಿನ ಮೇಲೂ ಸೀಮೆಸುಣ್ಣದಿಂದ ಗುರುತು ಮಾಡಿದೆ. ಹೀಗೆ ಮಾಡದಿದ್ದರೆ ಬಿಚ್ಚಿದ ಮೇಲೆ ರಿಮ್ಮಿನ ಯಾವ ಭಾಗ ಉಬ್ಬಿಗೆ ತಾಗಿತ್ತೆಂದು ಯಾರೂ ಹೇಳಲಾರರು. ಟೈರಿನ ಮೇಲಿನ ಪೂರ್ತಿ ಕ್ರಮಸಂಖ್ಯೆ, ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ಕೊನೆಯ ನಾಲ್ಕು ಅಂಕಿ, ಅಳತೆಪಟ್ಟಿ ಇಟ್ಟು ತೆಗೆದ ಉಬ್ಬು, ಎಲ್ಲದರ ಚಿತ್ರ ತೆಗೆದುಕೊಂಡೆ.

ಬಿಚ್ಚಿದಾಗ ಒಳಪದರ ನುಣುಪಾಗಿತ್ತು. ಮಡಿಕೆಯ ಗೆರೆಯಿಲ್ಲ, ಸೀಳಿಲ್ಲ. ಗಾಳಿ ಕಡಿಮೆಯಿಟ್ಟು ಓಡಿಸಿದ ಟೈರಿನೊಳಗೆ ಸುತ್ತಲೂ ಉಂಗುರದಂತೆ ಸವೆತ ಮತ್ತು ರಬ್ಬರಿನ ಪುಡಿ ಸಿಗುತ್ತದೆ, ಅದೂ ಇರಲಿಲ್ಲ. ರಿಮ್ಮನ್ನು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿದಾಗ ಅಂಚು ಎಲ್ಲಿಯೂ ಅಲುಗಲಿಲ್ಲ. ಸೂಕ್ಷ್ಮವಾಗಿ ನೋಡಿದರೆ ಉಬ್ಬು ದುಂಡಗಿರದೆ, ಕಿರಿದಾಗಿ, ಬೀಡಿನಿಂದ ಭುಜದತ್ತ ನೂಲುಗಳ ದಿಕ್ಕಿನಲ್ಲೇ ಎದ್ದಿತ್ತು. ನೂಲಿನ ಪದರದ ಎರಡು ತುದಿಗಳನ್ನು ಒಂದರ ಮೇಲೊಂದು ಕೂಡಿಸಿ ಟೈರು ಕಟ್ಟುತ್ತಾರೆ. ಕೂಡಿಸಿದ ಜಾಗದಲ್ಲಿ ಸಣ್ಣ ತಗ್ಗು ಕಂಡರೆ ಅದು ಸಹಜ, ಅಪಾಯವಿಲ್ಲ. ಆದರೆ ಆ ಕೂಡು ತೆರೆದುಕೊಂಡರೆ ಅಥವಾ ನೂಲುಗಳು ಚದುರಿದ್ದರೆ ಅಲ್ಲಿ ತಗ್ಗಿನ ಬದಲು ಉಬ್ಬು ಬರುತ್ತದೆ.

ಕಂಪನಿಯ ಕಡೆಯಿಂದ ಬಂದ ಪರೀಕ್ಷಕರು ಟೈರನ್ನು ಹೊರಗಿನಿಂದ ನೋಡಿ, ಎರಡು ಚಿತ್ರ ತೆಗೆದುಕೊಂಡು ಹೊರಟರು. ನಾಲ್ಕು ದಿನಕ್ಕೆ ತಿರಸ್ಕಾರದ ಪತ್ರ ಬಂತು. ಕ್ರಮಸಂಖ್ಯೆಯೊಂದನ್ನು ಬಿಟ್ಟರೆ ಮೊದಲ ಪತ್ರದ್ದೇ ವಾಕ್ಯಗಳು. ನಾನು ಲಿಖಿತವಾಗಿ ಕೇಳಿದ್ದು ಒಂದೇ ಪ್ರಶ್ನೆ: ಪೆಟ್ಟು ಬಿದ್ದಿದೆ ಎಂಬುದಕ್ಕೆ ಒಳಪದರದ ಮೇಲಾಗಲಿ ರಿಮ್ಮಿನ ಮೇಲಾಗಲಿ ತಾವು ಕಂಡ ಗುರುತು ಯಾವುದು? ಉತ್ತರ ಬರಲಿಲ್ಲ. ವಿಲೇವಾರಿ ಮಾಡುತ್ತೇವೆ, ಟೈರನ್ನು ಇಲ್ಲಿಯೇ ಬಿಡಿ ಎಂದು ಅಂಗಡಿಯವರು ಹೇಳಿದರೂ ನಾನು ಅದನ್ನು ಮನೆಗೆ ತಂದೆ. ಈ ವಿಷಯದಲ್ಲಿ ಯಾರೂ ದಾಕ್ಷಿಣ್ಯಕ್ಕೆ ಒಳಗಾಗಬಾರದು. ಟೈರು ಕೈಬಿಟ್ಟರೆ ವ್ಯಾಜ್ಯವೇ ಕೈಬಿಟ್ಟಂತೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಿದ ನಂತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಓದಲು ಕುಳಿತೆ. ದೂರುದಾರ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ವಕೀಲರ ಅಗತ್ಯವಿಲ್ಲ, ಕೊಂಡ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ, ಕಾರಣ ಉಂಟಾದ ದಿನದಿಂದ ಎರಡು ವರ್ಷದ ಕಾಲಾವಕಾಶವಿದೆ. 38ನೆಯ ಕಲಮಿನಂತೆ, ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದ ವಸ್ತುವನ್ನು ಆಯೋಗವು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಆದರೆ ಆ ಪರೀಕ್ಷೆಯ ಶುಲ್ಕವನ್ನು ಮೊದಲು ಕಟ್ಟಬೇಕಾದವನು ದೂರುದಾರನೇ. ಹನ್ನೆರಡು ಹದಿಮೂರು ಸಾವಿರದ ಟೈರಿಗಾಗಿ ಎಷ್ಟು ಜನ ಅಷ್ಟು ದೂರ ಹೋದಾರು? ಅನೇಕ ನ್ಯಾಯವಾದ ದೂರುಗಳು ಇಲ್ಲಿಯೇ ನಿಂತುಹೋಗುತ್ತವೆ ಎಂಬುದು ನನ್ನ ನಂಬಿಕೆ, ಮತ್ತು ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ನಾನು ಆ ಶುಲ್ಕ ಕಟ್ಟಲು ಸಿದ್ಧನಿದ್ದೇನೆಂದು ಸ್ಪಷ್ಟವಾಗಿ ಬರೆದು, ಚಿತ್ರಗಳನ್ನೂ ಗಾಳಿಯ ದಾಖಲೆ ಪುಸ್ತಕದ ಪ್ರತಿಯನ್ನೂ ಅಲೈನ್‌ಮೆಂಟ್ ರಸೀದಿಗಳನ್ನೂ ಲಗತ್ತಿಸಿ, ಕಂಪನಿಗೂ ಮಾರಾಟಗಾರರಿಗೂ ನೋಂದಾಯಿತ ಅಂಚೆಯಲ್ಲಿ ನೋಟಿಸು ಕಳಿಸಿದೆ. ಹದಿನೆಂಟನೆಯ ದಿನ ಹಿರಿಯ ಎಂಜಿನಿಯರ್ ಒಬ್ಬರು ಬಂದರು. ಅವರು ಬೀಡುಗಳನ್ನು ಅಗಲಿಸಿ, ದೀಪ ಹಿಡಿದು, ಒಳಮೈಯನ್ನು ಬೆರಳಿನಿಂದ ಸವರುತ್ತ ಅರ್ಧ ಗಂಟೆ ನೋಡಿದರು. ಮೊದಲನೆಯ ಪರೀಕ್ಷೆಯೇ ಹೀಗೆ ನಡೆದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಟೈರು ಬದಲಿಸಿಕೊಡಲು ಅವರು ಒಪ್ಪಿದರು.

ಅನಂತರ ಲೆಕ್ಕದ ಪ್ರಶ್ನೆ ಬಂತು. ವಾರಂಟಿಯಲ್ಲಿ ಪೂರ್ತಿ ಬೆಲೆ ಸಿಗುವುದಿಲ್ಲ. ಸವೆಯದೆ ಉಳಿದ ಟ್ರೆಡ್ಡಿಗೆ ತಕ್ಕಷ್ಟು ಮಾತ್ರ ಸಿಗುತ್ತದೆ. ಹೊಸತಿದ್ದಾಗ 8 ಮಿ.ಮೀ. ಆಳ, ಟೈರು ಬದಲಿಸಲೇಬೇಕಾದ ಗುರುತು 1.6 ಮಿ.ಮೀ., ಅಂದರೆ ಬಳಕೆಗೆ ಸಿಗುವುದು 6.4 ಮಿ.ಮೀ. ಎಂಜಿನಿಯರ್ ಟ್ರೆಡ್ಡಿನ ಭುಜದ ಬಳಿಯ ತೋಡಿನಲ್ಲಿ ಅಳೆದು 5.6 ಎಂದರು, ನಡುವಿನ ತೋಡಿನಲ್ಲಿ ನನ್ನ ಅಳತೆ 6.4 ಇತ್ತು. ಎಲ್ಲಿ ಅಳೆಯಬೇಕೆಂದು ವಾರಂಟಿ ಪತ್ರದಲ್ಲಿ ಬರೆದಿರಲಿಲ್ಲ. ಕೊನೆಗೆ ಸರಾಸರಿ 6 ಮಿ.ಮೀ. ಎಂದು ಒಪ್ಪಿಕೊಂಡೆವು. ಅಲ್ಲಿಗೆ 12,800 ರೂಪಾಯಿಯ ಟೈರಿಗೆ 8,800 ರೂಪಾಯಿ ನನ್ನ ಪಾಲಿಗೆ ಬಂತು, ಉಳಿದ 4,000 ನಾನು ಕೊಟ್ಟೆ. ಹೊಸದನ್ನು ಅದೇ ಅಳತೆಯಲ್ಲಿ, ಆದರೆ 91ರ ಬದಲು 94 ಭಾರಸೂಚಿಯದನ್ನು ಆರಿಸಿಕೊಂಡೆ. ಅದು 615 ಕಿಲೋ ಬದಲು 670 ಕಿಲೋ ಹೊರಬಲ್ಲದು, ಆದರೆ ಅಷ್ಟು ಹೊರಲು ಗಾಳಿಯೂ ಹೆಚ್ಚು ಬೇಕು ಎಂಬುದನ್ನು ಮರೆಯುವಂತಿಲ್ಲ.

ಒಪ್ಪಂದದ ಪತ್ರದಲ್ಲಿ, ಮೊದಲ ಪರೀಕ್ಷೆಯ ತೀರ್ಮಾನ ಸರಿಯಾಗಿದ್ದರೂ ಸದ್ಭಾವನೆಯಿಂದ ಟೈರು ಕೊಡುತ್ತಿದ್ದೇವೆ ಎಂಬ ಸಾಲಿತ್ತು. ಆ ಸಾಲನ್ನು ಹೊಡೆದುಹಾಕದೆ ಸಹಿ ಮಾಡುವುದಿಲ್ಲವೆಂದೆ. ಅವರು ಮತ್ತೊಂದು ವಾರ ತೆಗೆದುಕೊಂಡು, "ಮರುಪರೀಕ್ಷೆಯ ನಂತರ" ಎಂದು ಬದಲಿಸಿದ ಪತ್ರ ಕಳಿಸಿದರು. ಅದಕ್ಕೆ ಸಹಿ ಮಾಡಿದ ದಿನವೇ ಹಳೆಯ ಟೈರನ್ನು ಅವರಿಗೆ ಒಪ್ಪಿಸಿದೆ.