ಕಲಿಯುವವರಿಗೆ ಐರಿಷ್ ಕೊಳಲು: ಕೊಳ್ಳುವ ಮುನ್ನ ನೋಡಬೇಕಾದ್ದು

ಮೊದಲ ಐರಿಷ್ ಕೊಳಲು ಡಿ ಶ್ರುತಿಯದು, ಆರು ರಂಧ್ರದ್ದು, ಕೀಗಳಿಲ್ಲದ್ದು (ಕೀ ಎಂದರೆ ಹೆಚ್ಚುವರಿ ರಂಧ್ರಗಳನ್ನು ತೆರೆದು ಮುಚ್ಚುವ ಲೋಹದ ಸನ್ನೆ) ಇರಲಿ. ಐರ್ಲೆಂಡಿನ ಜಿಗ್, ರೀಲ್ ಎಂಬ ಕುಣಿತದ ಧಾಟಿಗಳಲ್ಲಿ ಹೆಚ್ಚಿನವು ಡಿ ಮತ್ತು ಜಿ ಸ್ಕೇಲಿನಲ್ಲೇ ಇವೆ. ಜಿ ಸ್ಕೇಲಿನ ಸಿ ನ್ಯಾಚುರಲ್ (ಶಾರ್ಪ್ ಅಲ್ಲದ ಸಿ ಸ್ವರ) ಬೇಕಾದಾಗ ಮೇಲಿನ ರಂಧ್ರ ತೆರೆದು ಎರಡನೆಯದು, ಮೂರನೆಯದು ಮುಚ್ಚಿ ಊದಿದರೆ ಸಾಕು.

ಕೀಗಳಿರುವ ಅಗ್ಗದ ರೋಸ್‌ವುಡ್ ಕೊಳಲು ದಯವಿಟ್ಟು ಬೇಡ. ಕೀ ಪ್ಯಾಡ್‌ಗಳಲ್ಲಿ ಗಾಳಿ ಸೋರಿ ಕೆಳಗಿನ ಡಿ ನುಡಿಯುವುದೇ ಇಲ್ಲ. ಪಾಪ, ವಿದ್ಯಾರ್ಥಿ ತನ್ನ ಉಸಿರೇ ಸಾಲದು ಎಂದುಕೊಳ್ಳುತ್ತಾನೆ. ಅದೇ ದುಡ್ಡಿಗೆ ಟೋನಿ ಡಿಕ್ಸನ್ ಅವರಂಥ ತಯಾರಕರ ಪಾಲಿಮರ್ (ಪ್ಲಾಸ್ಟಿಕ್) ಕೊಳಲು ಹುಡುಕಿ. ಸ್ವಲ್ಪ ಹೆಚ್ಚು ಕೊಡಬಲ್ಲಿರಾದರೆ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು. ಒಣಹವೆಗೆ ಬಿರುಕು ಬಿಡುವುದಿಲ್ಲ, ಎಣ್ಣೆಯೂ ಬೇಡ.

ಸೆಕೆಂಡ್ ಹ್ಯಾಂಡ್ ಆದರೆ ಸೋರಿಕೆ ನೋಡಲೇಬೇಕು. ತಲೆಭಾಗ ತೆಗೆದು, ಆರೂ ರಂಧ್ರ ಬೆರಳಿನಿಂದ ಮುಚ್ಚಿ, ಕೆಳತುದಿಯನ್ನು ಮತ್ತೊಬ್ಬರು ಅಂಗೈಯಿಂದ ಒತ್ತಿ ಹಿಡಿಯಲಿ. ಮೇಲಿನಿಂದ ಗಾಳಿ ಎಳೆಯಿರಿ. ಎಳೆತ ಕೆಲವು ಸೆಕೆಂಡು ನಿಲ್ಲಬೇಕು. ಕೊಳಲಿನ ಭಾಗಗಳು ಸೇರುವ ಕೀಲಿನಲ್ಲಿ ಸೋರಿದರೆ ಇನ್ನಷ್ಟು ದಾರ ಸುತ್ತಿ ಸರಿಮಾಡಬಹುದು, ಮರ ಸೀಳಿದ್ದರೆ ಬಿಟ್ಟುಬಿಡಿ.

ಟ್ಯೂನರನ್ನು (ಶ್ರುತಿ ಅಳೆಯುವ ಸಾಧನ) ಎ ಸ್ವರಕ್ಕೆ 440 ಹರ್ಟ್ಸ್‌ಗೆ ಇಟ್ಟು ಕೆಳಗಿನ ಡಿ, ಮೇಲಿನ ಡಿ ಎರಡನ್ನೂ ಊದಿಸಿ. ಈ ಎರಡು ಡಿಗಳ ನಡುವಿನ ಅಷ್ಟಕ ಹೊಂದದಿದ್ದರೆ ಮೊದಲು ತಲೆಯೊಳಗಿನ ಬಿರಡೆ ನೋಡಿ: ಊದುವ ರಂಧ್ರದ ನಡುವಿನಿಂದ ಸುಮಾರು 19 ಮಿ.ಮೀ. ದೂರದಲ್ಲಿರಬೇಕು.

ಚಿಕ್ಕ ಕೈಗಳಿಗೆ ರಂಧ್ರಗಳು ಸಣ್ಣದಿರುವ ಮಾದರಿಯೇ ಸರಿ. ಬಜೆಟ್ ತೀರಾ ಕಡಿಮೆಯೇ? ಡಿ ಶ್ರುತಿಯ ಟಿನ್ ವಿಸಲ್ (ತುದಿಯಿಂದ ಊದುವ ಆರು ರಂಧ್ರದ ಪುಟ್ಟ ಕೊಳವೆ) ಕೊಡಿಸಿ, ಬೆರಳುಗಳ ಕ್ರಮ ಬಹುತೇಕ ಅದೇ.