ಓಂಕಾರ ಹೇಳುವಾಗ ‘ಮ್’ನಲ್ಲಿ ನಿಲ್ಲುವುದು ಹೇಗೆ?

ಓಂಕಾರಕ್ಕೆ ಹೊಸದಾಗಿ ಕೂತವರು ‘ಓ’ವನ್ನು ಎಳೆದೆಳೆದು ಹೇಳುತ್ತಾರೆ, ‘ಮ್’ ಬರುವ ಹೊತ್ತಿಗೆ ಉಸಿರು ಖಾಲಿ. ಆಗಬೇಕಾದದ್ದು ಇದಕ್ಕೆ ಉಲ್ಟಾ. ಹನ್ನೆರಡೇ ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಅಕಾರವನ್ನು ಎಚ್ಚರಕ್ಕೆ, ಉಕಾರವನ್ನು ಕನಸಿಗೆ, ಮಕಾರವನ್ನು ಗಾಢ ನಿದ್ರೆಗೆ ಹೊಂದಿಸುತ್ತದೆ. ಮಾತ್ರೆಯೇ (ಉಚ್ಚಾರದ ಅಳತೆಯೇ) ಇಲ್ಲದ್ದು ನಾಲ್ಕನೆಯದು, ಅಂದರೆ ಸದ್ದು ನಿಂತ ಮೇಲಿನ ಮೌನ. ಸುಪ್ತಮನಸ್ಸನ್ನು, ಅಂದರೆ ಎಚ್ಚರದಲ್ಲಿ ಅರಿವಿಗೆ ಬಾರದ ಮನಸ್ಸಿನ ಪದರವನ್ನು, ಮುಟ್ಟಲೆಂದು ಓಂಕಾರ ಹಿಡಿದವರು ಗಮನ ಇಡಬೇಕಾದದ್ದು ‘ಮ್’ ಮತ್ತು ಅದರ ಹಿಂದೆ ಬರುವ ಮೌನದ ಮೇಲೆ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಾಗಲಿ, ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟಾಗಲಿ ಕೂರಿ. ಚಾಪೆಯ ಮೇಲೆ ಜಮಖಾನ ಮಡಚಿ ಹಾಕಿಕೊಂಡರೆ ಸೊಂಟ ಎತ್ತರಕ್ಕೆ ಬಂದು ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಂಡಿನೋವಿದ್ದರೆ ಕುರ್ಚಿಯೇ ಸರಿ, ಪಾದ ಮಾತ್ರ ನೆಲಕ್ಕೆ ತಾಗಲಿ.

ಮೂಗಿನಿಂದ ನಾಲ್ಕೈದು ಸೆಕೆಂಡು ಉಸಿರು ತೆಗೆದುಕೊಳ್ಳಿ. ಮಾತಾಡುವ ದನಿಗಿಂತ ತುಸು ತಗ್ಗಿನ ಶ್ರುತಿಯಲ್ಲಿ ‘ಓ’ 5 ಸೆಕೆಂಡು, ತುಟಿ ಮುಚ್ಚಿ ‘ಮ್’ 10 ಸೆಕೆಂಡು. ಅಷ್ಟು ಉಸಿರಿಲ್ಲದಿದ್ದರೆ 3 ಮತ್ತು 6. ‘ಮ್’ ಹೇಳುವಾಗ ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸಂದಿ ಇರಲಿ, ನಾಲಿಗೆ ಸಡಿಲವಾಗಿರಲಿ. ಬೆರಳ ತುದಿಯನ್ನು ಮೂಗಿನ ಎಲುಬಿನ ಮೇಲಿಟ್ಟು ನೋಡಿ: ಸಣ್ಣಗೆ ಜುಮ್ಮೆನ್ನಬೇಕು. ಅನ್ನಲಿಲ್ಲವೆಂದರೆ ಸದ್ದು ಗಂಟಲಲ್ಲೇ ಸಿಕ್ಕಿಕೊಂಡಿದೆ. ಹಲ್ಲು ಕಚ್ಚಿರುವುದು ಇದಕ್ಕೆ ಸಾಮಾನ್ಯ ಕಾರಣ. ದವಡೆ ಬಿಟ್ಟು, ದನಿ ಇನ್ನಷ್ಟು ಸಣ್ಣಗೆ ಮಾಡಿ.

ಬೆಂಗಳೂರಿನ ನಿಮ್ಹಾನ್ಸ್‌ನವರು 2011ರಲ್ಲಿ ಪ್ರಕಟಿಸಿದ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಅಧ್ಯಯನದಲ್ಲೂ ಇದೇ 5–10ರ ಅಳತೆ ಇತ್ತು. ಓಂ ಹೇಳುವಾಗ ಭಯ, ಉದ್ವೇಗಕ್ಕೆ ಸಂಬಂಧಪಟ್ಟ ಮಿದುಳಿನ ಭಾಗವಾದ ಅಮಿಗ್ಡಲಾದ ಚಟುವಟಿಕೆ ತಗ್ಗಿದ್ದು ಕಂಡಿತು. ಅಷ್ಟೇ ಹೊತ್ತು ‘ಸ್ಸ್’ ಅಂದಾಗ ಹಾಗಾಗಲಿಲ್ಲ. ಪಾಲ್ಗೊಂಡವರು 12 ಜನ ಮಾತ್ರ. ಆಸೆ ಹುಟ್ಟಿಸುವ ಫಲಿತಾಂಶ ನಿಜ, ಆದರೆ ಇದನ್ನು ಹಿಡಿದುಕೊಂಡು ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳುವುದು ತಪ್ಪು.

ಸದ್ದು ನಿಂತ ಕೂಡಲೇ ಮುಂದಿನ ಓಂಕಾರಕ್ಕೆ ಹಾರಬೇಡಿ. ಒಂದು ಉಸಿರು ತಾನಾಗಿ ಬಂದು ಹೋಗಲಿ, ಕಿವಿ ಮೌನದ ಮೇಲಿರಲಿ. ಹೀಗೆ 11 ಸಲ ಹೇಳಲು ಐದು ನಿಮಿಷದ ಆಸುಪಾಸು ಬೇಕು. ಆಮೇಲೆ ತುಟಿ ಮಾತ್ರ ಆಡುವ ಉಪಾಂಶು ಜಪ 11, ಮನಸ್ಸಿನಲ್ಲೇ 11, ಕೊನೆಗೆ ಮೂರು ನಿಮಿಷ ಸುಮ್ಮನೆ ಕೂರುವುದು. ಲೆಕ್ಕಕ್ಕೆ ಬೆರಳ ಗೆಣ್ಣು ಸಾಕು. 108ರ ಜಪಮಾಲೆ ಹಿಡಿದರೆ ಮಾಲೆ ಮುಗಿಸುವ ಅವಸರದಲ್ಲಿ ‘ಮ್’ ಮೊಟಕಾಗುತ್ತದೆ. ಮೊದಲ ತಿಂಗಳು ಮಾಲೆ ಬೇಡವೆಂದೇ ನಮ್ಮ ಸಲಹೆ.

ತಲೆ ಸುತ್ತಿದರೆ ಬಾಯಿಂದ ಗಬಗಬನೆ ಉಸಿರೆಳೆಯುತ್ತಿರಬಹುದು. ನಿಲ್ಲಿಸಿ, ಸಹಜವಾಗಿ ಉಸಿರಾಡಿ. ಗಂಟಲು ಕೆರೆದರೆ ದನಿ ದೊಡ್ಡದಾಯಿತು. ಕೊನೆಯಲ್ಲಿ ದನಿ ನಡುಗಿದರೆ ‘ಮ್’ನಿಂದ ಎರಡು ಸೆಕೆಂಡು ಕಡಿಮೆ ಮಾಡಿ.

ಮೌನದಲ್ಲಿ ಹಳೆಯ ನೋವು ಮೇಲೆದ್ದು ಅಳು ಬರಬಹುದು. ತಡೆಯಬೇಡಿ, ಕೆದಕಲೂ ಬೇಡಿ. ಎದೆ ಹೊಡೆದುಕೊಂಡು ಭಯವಾದರೆ ಮಾತ್ರ ಕಣ್ಣು ತೆರೆದು, ಪಾದಗಳನ್ನು ನೆಲಕ್ಕೊತ್ತಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ. ಆ ದಿನಕ್ಕೆ ಅಲ್ಲಿಗೇ ಬಿಡಿ. ಪದೇಪದೇ ಹೀಗಾದರೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆಗೋ ಆತಂಕಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿರುವವರು ಜಪ ಶುರುವಾಯಿತೆಂದು ಅದನ್ನು ನಿಲ್ಲಿಸಬಾರದು.