ಫೋಟೋ ವರ್ಕ್‌ಶಾಪ್‌ಗೆ ಖಾಲಿ ಕೈಯಲ್ಲಿ ಹೋಗಬೇಡಿ

ಚಿಂತಾಮಣಿಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ, ಇಷ್ಟೇ ನನ್ನ ಹೊಟ್ಟೆಪಾಡು. ಕ್ಯಾಮೆರಾ ಕೊಂಡ ಹುಡುಗರು ಆಗಾಗ ಬಂದು, "ಅಣ್ಣಾ, ಫೋಟೋದಲ್ಲಿ ಕಥೆ ಹೇಳೋದು ಕಲೀಬೇಕು, ಯಾವ ವರ್ಕ್‌ಶಾಪ್‌ಗೆ ಸೇರಲಿ?" ಅಂತಾರೆ. ಫೀಸು ಕಟ್ಟುವ ಮುಂಚೆ ಅವರಿಗೆ ಒಂದೇ ಮಾತು ವಿಚಾರಿಸಲು ಹೇಳುತ್ತೇನೆ: ನೀವು ತೆಗೆದ ಫೋಟೋಗಳನ್ನು ಕೂತು ನೋಡೋದಕ್ಕೆ ಅಲ್ಲಿ ಎಷ್ಟು ಹೊತ್ತು ಇಟ್ಟಿದ್ದಾರೆ?

ಬೆಳಗಿನ ಜಾವ ಬಸ್ಸು ಹತ್ತಿಸಿ, ನಂದಿಬೆಟ್ಟದಲ್ಲಿ ಸೂರ್ಯೋದಯ ತೆಗೆಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವುದಾದರೆ ಅದು ಪ್ರವಾಸ. ಮಂಜು ಎಲ್ಲರ ಫೋಟೋದಲ್ಲೂ ಒಂದೇ ಥರ ಇರುತ್ತದೆ. ಕೆಳಗಿನ ಭೋಗನಂದೀಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರಾದರೆ ಅನುಮತಿ ತೆಗೆದುಕೊಂಡಿದ್ದಾರಾ ಕೇಳಿ. ಅದು ಪುರಾತತ್ವ ಇಲಾಖೆಯ ಸ್ಮಾರಕ. ಅನುಮತಿ ಇಲ್ಲದೆ ಟ್ರೈಪಾಡ್ ಬಿಡಲ್ಲ.

ವರ್ಕ್‌ಶಾಪ್‌ಗೆ ಹೋಗುವಾಗ ಅರ್ಧ ಆಗಿರುವ ಒಂದು ಕಥೆ ನಿಮ್ಮ ಕೈಯಲ್ಲಿರಬೇಕು. ನಮ್ಮ ಕಡೆಯವರು ಅದಕ್ಕೆ ದೂರ ಹೋಗಬೇಕಿಲ್ಲ. ಶಿಡ್ಲಘಟ್ಟದ ಸುತ್ತ ಯಾವ ಹಳ್ಳಿಗೆ ಹೋದರೂ ರೇಷ್ಮೆ ಹುಳು ಸಾಕುವ ಮನೆ ಸಿಗುತ್ತದೆ. ಒಂದೇ ಮನೆ ಹಿಡಿಯಿರಿ, ಒಂದು ಬೆಳೆ, ಅಂದರೆ ಮೊಟ್ಟೆಯಿಂದ ಗೂಡಿನವರೆಗೆ, ಪೂರ್ತಿ ಅವರ ಜೊತೆ ಇರಿ. ಮೊಟ್ಟೆ ಒಡೆದ ಮೇಲೆ ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ, ಅಂದರೆ ಹಿಪ್ಪುನೇರಳೆ ಸೊಪ್ಪು ತಿನ್ನೋದು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಿ, ಮನೆಯವರಿಗೆ ನಿದ್ದೆ ಇಲ್ಲ. ಆ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ಖರ್ಚಾಗೋದು ಆ ಕೊನೆಯ ಒಂದು ವಾರದಲ್ಲೇ. ಫೋಟೋಗ್ರಾಫರ್‌ಗೆ ಕೆಲಸ ಇರುವುದೂ ಆಗಲೇ.

ಹುಳುಮನೆಗೆ ಸುಮ್ನೆ ನುಗ್ಗಬೇಡಿ. ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ಸೆಂಟ್ ಹಾಕಿಕೊಂಡು ಹೋಗಬೇಡಿ, ಸೊಳ್ಳೆ ಔಷಧ ಸವರಿಕೊಂಡು ಹೋಗಲೇಬೇಡಿ. ಹುಳಕ್ಕೆ ಆಗಿಬರಲ್ಲ. ಫ್ಲ್ಯಾಷ್ ಬ್ಯಾಗಿನಲ್ಲೇ ಇರಲಿ. ಬೆಳಕು ಕಮ್ಮಿ, ನಿಜ. 50 ಎಂಎಂ ಲೆನ್ಸ್ ಎಫ್ 1.8ಕ್ಕೆ ತೆರೆದು, ಐಎಸ್‌ಒ 3200ಕ್ಕೆ ಏರಿಸಿ, ಶಟರ್ 1/125ರ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಫೋಟೋದಲ್ಲಿ ಒಂದಿಷ್ಟು ಗ್ರೇನ್, ಅಂದರೆ ಕಾಳುಕಾಳು, ಬರುತ್ತದೆ, ಬರಲಿ.

ಮೊದಲ ದಿನ ತೆಗೆದಿದ್ದೆಲ್ಲ ಪೋಸ್ ಕೊಟ್ಟ ಫೋಟೋನೇ ಆಗಿರುತ್ತದೆ. ಯೂಜೀನ್ ಸ್ಮಿತ್ ಅನ್ನೋ ಫೋಟೋಗ್ರಾಫರ್ 1948ರಲ್ಲಿ ಅಮೆರಿಕದ ಲೈಫ್ ಪತ್ರಿಕೆಗಾಗಿ ಕೊಲೊರಾಡೊದ ಒಬ್ಬ ಹಳ್ಳಿ ಡಾಕ್ಟರ ಬೆನ್ನು ಹತ್ತಿದ್ದರು. ಡಾಕ್ಟರು ಒಗ್ಗಿಕೊಳ್ಳಲಿ ಅಂತ ಮೊದಮೊದಲು ಕ್ಯಾಮೆರಾಕ್ಕೆ ರೀಲ್ ಹಾಕದೆ ಕ್ಲಿಕ್ ಮಾಡುತ್ತಿದ್ದರಂತೆ. ನಮಗೆ ರೀಲಿನ ಖರ್ಚಿಲ್ಲ. ತೆಗೆಯಿರಿ, ಮನೆಯವರಿಗೇ ತೋರಿಸಿ, ಕಾಫಿ ಕೊಟ್ಟರೆ ಕುಡಿಯಿರಿ. "ಅಕ್ಕಾ, ಈ ಕಡೆ ನೋಡಿ" ಅನ್ನೋದು ಮಾತ್ರ ಬೇಡ.

ಈಗ ಕಥೆಯ ವಿಚಾರ. ಮದುವೆ ಆಲ್ಬಂನಲ್ಲಿ ಧಾರೆಯಿಂದ ಊಟದವರೆಗೆ ಎಲ್ಲ ಇರುತ್ತದೆ, ಏನೂ ಬಿಡೋ ಹಾಗಿಲ್ಲ. ಬಿಟ್ಟರೆ ಚಿಕ್ಕಪ್ಪ ಫೋನ್ ಮಾಡುತ್ತಾರೆ! ಅದು ಪಟ್ಟಿ. ಕಥೆಯಲ್ಲಿ ಯಾರಿಗೋ ಏನೋ ಬೇಕಾಗಿರುತ್ತದೆ, ಅದಕ್ಕೆ ಏನೋ ಅಡ್ಡ ಬರುತ್ತಿರುತ್ತದೆ. ಹುಳು ಹಣ್ಣಾಗಿ, ಅಂದರೆ ಬಲಿತು, ಚಂದ್ರಿಕೆ ಅನ್ನೋ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟಿತು ಅನ್ನಿ. ಒಳ್ಳೆ ರೇಟಿಗಾಗಿ ಅದನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಕೂರಲು ಆಗಲ್ಲ. ಬಿಟ್ಟರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಅದರಿಂದ ನೂಲು ಬಿಚ್ಚೋ ಹಾಗಿಲ್ಲ. ಹಾಗಾಗಿ ಅವತ್ತಿನ ರೇಟೇ ರೇಟು. ಇದು ಗೊತ್ತಿದ್ದರೆ ಗೂಡಿನ ಮಾರುಕಟ್ಟೆಯಲ್ಲಿ ಕ್ಯಾಮೆರಾ ಎಲ್ಲಿಗೆ ತಿರುಗಬೇಕು ಅನ್ನೋದು ತಾನಾಗೇ ತಿಳಿಯುತ್ತದೆ. ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ, ಕೂಗಾಟದ ಫೋಟೋ ಸಿಗಲ್ಲ. ಗೂಡಿನ ರಾಶಿಯ ಪಕ್ಕ ನಿಂತಿರುವ ರೈತ ಒಂದು ಹಿಡಿ ಗೂಡು ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ಮತ್ತೆ ರಾಶಿಗೇ ಹಾಕುತ್ತಾನೆ. ಅವನಿಗೆ ಅದರಲ್ಲಿ ತಿಳಿಯಬೇಕಾದ್ದು ಏನೂ ಇಲ್ಲ. ಕೈ ಸುಮ್ಮನಿರಲ್ಲ, ಅಷ್ಟೇ. ನನಗೆ ಬೇಕಾದ ಫೋಟೋ ಅದು.

ನೂಲು ಬಿಚ್ಚುವ ಕಡೆ ಹೋದರೆ ಒಂದು ಎಚ್ಚರ. ಬಿಸಿನೀರಿನ ಹಬೆಗೆ ಲೆನ್ಸ್ ಮಂಜಾಗುತ್ತದೆ. ಒಳಗೆ ಹೋಗಿ ಸ್ವಲ್ಪ ಹೊತ್ತು ಕ್ಯಾಮೆರಾ ಹಾಗೇ ಬಿಡಿ, ಒರೆಸುತ್ತಾ ಕೂರಬೇಡಿ. ಅಲ್ಲಿ ಮುಖಕ್ಕಿಂತ ಬೆರಳಿನ ಹತ್ತಿರ ಹೋಗಿ. ಬಿಸಿನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾದ ಬೆರಳು, ಅದರ ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದ ಎಳೆ.

ವರ್ಕ್‌ಶಾಪ್‌ಗೆ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ಒಯ್ಯುವ ಬದಲು ಪ್ರಿಂಟ್ ಹಾಕಿಸಿ. ಲ್ಯಾಬಿನಲ್ಲಿ ಮ್ಯಾಕ್ಸಿ ಸೈಜ್ (4x6 ಇಂಚು) ಸಾಕು, ದೊಡ್ಡದು ಬೇಡ. ಅಲ್ಲಿ ನೆಲದ ಮೇಲೆ ಹರಡಿ, ಕಲಿಸುವವರ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲಿ. ಇದೇ ಕಷ್ಟ. "ಅವತ್ತು ಮಳೆ ಬರ್ತಿತ್ತು ಸಾರ್, ಅದಕ್ಕೇ..." ಅನ್ನಬೇಕು ಅನ್ನಿಸುತ್ತದೆ. ಅನ್ನಬೇಡಿ. ನೀವು ಬಾಯಲ್ಲಿ ಹೇಳಿದ್ದು ಫೋಟೋದಲ್ಲಿ ಇಲ್ಲದಿದ್ದರೆ, ಅದು ಇಲ್ಲ ಅಂತಲೇ ಲೆಕ್ಕ. ಅವರು ಯಾವ ಫೋಟೋ ಹತ್ತಿರ ನಿಂತರು, ಯಾವುದನ್ನು ದಾಟಿ ಹೋದರು, ಗಮನಿಸಿ. ಒಂದೇ ಕೆಲಸ ಮಾಡುವ ಎರಡು ಫೋಟೋ ಇದ್ದರೆ ಒಂದನ್ನು ಎತ್ತಿ ಪಕ್ಕಕ್ಕಿಡಿ. ತುಂಬಾ ಚೆಂದ ಬಂದಿರುವ, ಆದರೆ ಈ ಮನೆಯ ಕಥೆಗೆ ಸಂಬಂಧವಿಲ್ಲದ ಆ ಹಿಪ್ಪುನೇರಳೆ ತೋಟದ ಸೂರ್ಯಾಸ್ತವನ್ನೂ ಎತ್ತಿ. ಹೊಟ್ಟೆ ಉರಿಯುತ್ತದೆ, ಅಲ್ವಾ? ಎಂಟು ಹತ್ತು ಫೋಟೋ ಉಳಿದರೆ ಸಾಕು.

ಉಳಿದವುಗಳ ಸಾಲನ್ನು ಬದಲಾಯಿಸಿ ನೋಡಿ. ರೈತ ರೇಟು ನೋಡುವ ಫೋಟೋ ಮೊದಲು ಇಟ್ಟರೆ ಒಂದು ಕಥೆ, ಕೊನೆಗೆ ಇಟ್ಟರೆ ಬೇರೆಯದೇ ಕಥೆ. ಎರಡನ್ನೂ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು, ರಾತ್ರಿ ರೇಷ್ಮೆ ಗೊತ್ತಿಲ್ಲದ ಯಾರಿಗಾದರೂ ತೋರಿಸಿ.

ಎಲ್ಲ ಮುಗಿದ ಮೇಲೆ ಪ್ರಿಂಟ್‌ಗಳನ್ನು ಆ ಮನೆಗೆ ಒಯ್ಯಿರಿ. ಅಡಿಬರಹ ಅವರಿಗೆ ಓದಿ ಹೇಳಿ. ಹೆಸರು, ಊರು, ಇದು ಎಷ್ಟನೇ ಜ್ವರ, ಅವರೇ ತಿದ್ದುತ್ತಾರೆ. ಹಾಗೇ, ಇದರಲ್ಲಿ ಯಾವುದು ಹೊರಗೆ ತೋರಿಸಬಾರದು ಅಂತ ಕೇಳಿ. ಬೇಡ ಅಂದದ್ದನ್ನು ಅಲ್ಲೇ ಬಿಟ್ಟು ಬನ್ನಿ.